ಇಳಿತದ ಒಂಬತ್ತು ಕುಳಿ

ಸಸಿಹಿತ್ಲಿನಲ್ಲಿ ಗಾಲ್ಫ್ ಮೈದಾನವಿಲ್ಲ.
ಮೊದಲೇ ಹೇಳಿಬಿಡುವುದು ಒಳ್ಳೆಯದು.
ಇರುವುದು ಕಡಲು ನಾಲ್ಕು ಗಂಟೆಗೆ ಬಾಡಿಗೆ ಕೊಡುವ
ಒದ್ದೆ ಹೊಯ್ಗೆ, ಅಡುಂಬು ಬಳ್ಳಿ, ಗಾಳಿಮರದ ಒಂದು ಸಾಲು,
ಮತ್ತೆ, ಎರಡು ಹೊಳೆ ಸೇರಿ ದಿನಕ್ಕೊಂದು ನಕ್ಷೆ ಬರೆಯುವ
ಅಳಿವೆ.

‘ಲಿಂಕ್ಸ್ ಅಂದರೆ ಇದೇ ಮಾರಾಯ್ರೆ’
ಪ್ರತಿ ಜನವರಿ ಮುಕುಂದ ಕಾಮತರ ಭಾಷಣ,
ಸ್ಕಾಟ್ಲೆಂಡಿಗೆ ಹೋಗಿ ಬಂದವರ ಹಾಗೆ.
ಹೋಗಿಲ್ಲ. ಮೂರು ಸಲ ಟಿಕೇಟು ತೆಗೆದು
ಮೂರು ಸಲ ರದ್ದು ಮಾಡಿದ ಬ್ಯಾಂಕಿನವರು.
‘ಬೇಸಾಯಕ್ಕೆ ಆಗದ್ದು, ಕಡಲಿಗೂ ಬೇಡವಾದದ್ದು,
ಅಂಥ ನೆಲ.’
‘ನಮ್ಮ ಹಾಗೆ’ ಎಂದು ಸುಕೇಶಿನಿ ಆಳ್ವ
ಕೈಗವಸು ಎಳೆದುಕೊಂಡಳು.

ಐದು ಜನ, ಎರಡು ರಾತ್ರಿ, ಮುಲ್ಕಿಯಲ್ಲಿ ಮೂರು ರೂಮು.
ಹಸನಬ್ಬನ ಗೊರಕೆಗೆ ಒಂದು ಪೂರ್ತಿ ರೂಮು ಬೇಕು.
ಪಿಲಿಕುಳದ ಕತ್ತರಿಸಿದ ಹುಲ್ಲಿನ ಮೇಲೆ ವರ್ಷವಿಡೀ
ಸಭ್ಯರಾಗಿ ಆಡಿದ್ದಕ್ಕೆ ಪರಿಹಾರ ಇದು.

ವಾದಿರಾಜ ಹೆಬ್ಬಾರರು ಸರ್ವೆ ಇಲಾಖೆಯವರು,
ಹೆಜ್ಜೆಯಲ್ಲೇ ಅಳೆಯುತ್ತಾರೆ: ನೂರ ಹತ್ತು, ಇಲ್ಲಿ.
ನಲವತ್ತು ವರ್ಷ ಊರವರ ಹಲ್ಲಿನ ಕುಳಿ ತುಂಬಿದವಳು ನಾನು
ಮೊಣಕಾಲೂರಿ ಕುಳಿ ತೋಡುತ್ತೇನೆ,
ಹಾಲಿನ ಪುಡಿಯ ಡಬ್ಬಿ ಹೂಳುತ್ತೇನೆ.
‘ಫೆಲ್ಸಿ, ನೋವಾಗುತ್ತದಾ ಕೇಳು’ ಎನ್ನುತ್ತಾನೆ ಹಸನಬ್ಬ.
ಪ್ರತಿ ವರ್ಷ ಅದೇ ಜೋಕು. ಪ್ರತಿ ವರ್ಷ ನಗು.

ಅಂಕ ಬರೆಯಲು ಧನ್ವಿ, ಏಳನೇ ಕ್ಲಾಸು, ಪುತ್ರನರ ಮನೆಯವಳು.
ಕಾಗದ ಬೇಡ ಅವಳಿಗೆ; ಮರುವಾಯಿ ಚಿಪ್ಪಿನಿಂದ
ಹೊಯ್ಗೆಯಲ್ಲೇ ಗೀರುತ್ತಾಳೆ.
ಕಳೆದ ವರ್ಷ ಕಳೆದ ನಮ್ಮ ಚೆಂಡು
ನಮಗೇ ಮಾರುತ್ತಾಳೆ, ಒಂದಕ್ಕೆ ಇಪ್ಪತ್ತು.
ಕಾಮತರು ಚೌಕಾಸಿ ಮಾಡಿ ಸೋತರು.

ಪಡುಗಾಳಿ ಎದ್ದಿತು. ಹೊಡೆದ ಚೆಂಡು
ಹೋದಲ್ಲಿಂದ ಒಮ್ಮೆ ಯೋಚಿಸಿ ಹಿಂದಿರುಗುತ್ತದೆ.
ಸುಕೇಶಿನಿಯದು ಏಡಿಯ ಬಿಲಕ್ಕೆ ಬಿತ್ತು.
ಏಳನೇ ಕುಳಿಗೆ ಕಾಮತರು ಎರಡು ಅಡಿ ದೂರ,
ಬಾಗಿ, ಉಸಿರು ಹಿಡಿದು, ಒಂದು ಕಣ್ಣು ಮುಚ್ಚಿ,

ತೆರೆ ಬಂತು. ದೊಡ್ಡದೇನಲ್ಲ,
ಮನೆಯೊಳಗೆ ಬಂದ ಬೆಕ್ಕಿನಷ್ಟು ಸದ್ದು.
ಹೋಗುವಾಗ ಕುಳಿ ಇಲ್ಲ, ಡಬ್ಬಿ ಇಲ್ಲ, ಬಾವುಟ ಇಲ್ಲ.
ಚೆಂಡು ಮಾತ್ರ ಇದ್ದಲ್ಲೇ ಇತ್ತು, ತೊಳೆದ ಹಾಗೆ.

‘ನೀರಿನ ಅಡ್ಡಿ, ಒಂದು ಏಟು ದಂಡ’ ಎಂದರು ಹೆಬ್ಬಾರರು.
‘ಚೆಂಡು ಇದೆಯಲ್ಲ, ದಂಡ ಎಂತಕ್ಕೆ?’
‘ಕುಳಿಯೇ ಹೋದರೆ ಯಾರಿಗೆ ಹಾಕುವುದು,
ಕಡಲಿಗಾ?’ ಇದು ಹಸನಬ್ಬ, ಮರದ ವ್ಯಾಪಾರಿ,
ಮಳೆಗಾಲದಲ್ಲಿ ದಿಮ್ಮಿ ತೇಲಿಹೋದ ಅನುಭವಸ್ಥ.
ನಿಯಮದ ಪುಸ್ತಕ ಮುಲ್ಕಿಯಲ್ಲಿತ್ತು, ದಿಂಬಿನ ಅಡಿ.

ಅಷ್ಟರಲ್ಲಿ ಕೈರಂಪಣಿಯವರ ಕೂಗು.
ಹಗ್ಗಕ್ಕೆ ಜನ ಸಾಲದು, ಬಲೆ ಭಾರ ಉಂಟು.
ಲಿಂಗಪ್ಪ ಪುತ್ರನ್ ನಮ್ಮನ್ನು ಕರೆಯಲಿಲ್ಲ;
ನಮ್ಮ ಕೈಗಳನ್ನು ಒಮ್ಮೆ ನೋಡಿದ, ಅಷ್ಟೆ.
ಕೋಲುಗಳು ಅಡುಂಬು ಬಳ್ಳಿಯ ಮೇಲೆ ಮಲಗಿದವು.
ಹೆಬ್ಬೆರಳು ಎಲ್ಲಿ, ಕಿರುಬೆರಳು ಎಲ್ಲಿ ಎಂದು
ಹತ್ತು ವರ್ಷ ಕೋಚು ಕಲಿಸಿದ ಹಿಡಿತ
ಹಗ್ಗಕ್ಕೆ ಗೊತ್ತೇ ಇರಲಿಲ್ಲ.
ಹಿಮ್ಮಡಿ ಹೂತು, ಬೆನ್ನು ಹಿಂದಕ್ಕೆ ಬಿಟ್ಟು
ಎಳೆದೆವು. ಎದುರಿನಿಂದ ಏನೋ ನಮ್ಮನ್ನೂ ಎಳೆಯಿತು.

ಬೊಳೆಂಜಿರ್, ಒಂದಿಷ್ಟು ಸಿಗಡಿ, ಒಂದು ಚಪ್ಪಲಿ,
ಏಳನೇ ಕುಳಿಯ ಡಬ್ಬಿ ಮಾತ್ರ ಇಲ್ಲ.
ಎಳೆದವರಿಗೆಲ್ಲ ಪಾಲು, ಸಮ ಪಾಲು.
ಹೆಬ್ಬಾರರು ಎರಡು ಬೊಗಸೆ ಹಿಡಿದು ನಿಂತರು,
ಹುಟ್ಟಿದಂದಿನಿಂದ ಮುಟ್ಟದ ಬೆಳ್ಳಿ ಅಂಗೈಯಲ್ಲಿ ಮಿಡುಕುತ್ತ.
ಕೊಡಲೂ ಇಲ್ಲ, ಚೆಲ್ಲಲೂ ಇಲ್ಲ.
ತುಂಬ ಹೊತ್ತು.

ಗೆದ್ದವರು ಯಾರು ಎಂದು ತಿರುಗಿ ನೋಡಿದರೆ
ಧನ್ವಿಯ ಅಂಕಗಳ ಮೇಲೆ ಮೊಣಕಾಲು ನೀರು.
‘ನನಗೆ ನೆನಪುಂಟು’ ಎಂದಳು. ‘ಹೇಳಲು ಇಪ್ಪತ್ತು.’
ಕಾಮತರು ಪರ್ಸು ತೆಗೆದರು,
ಮತ್ತೆ ಕಿಸೆಗೆ ಹಾಕಿದರು.

ಪಿಲಿಕುಳದಲ್ಲಿ ಇವತ್ತೂ ನನ್ನ ಚೀಲ ತೆರೆದರೆ
ಹುಡುಗರು ಮೂಗು ಮುಚ್ಚುತ್ತಾರೆ.
ಏಳನೇ ನಂಬರಿನ ಕೋಲಿನ ಹಿಡಿಯಲ್ಲಿ ಎರಡು ಹುರುಪೆ,
ತೆಗೆದಿಲ್ಲ.
ದಂಡದ ವಿಷಯ ಇನ್ನೂ ತೀರ್ಮಾನವಾಗಿಲ್ಲ.