ಪ್ರಶ್ನೆ ಇಪ್ಪತ್ತೇಳು

ಮುಂದಿನ ಹತ್ತು ವರ್ಷಗಳಲ್ಲಿ ಏನೇನು ಕೊಳ್ಳುವ ಯೋಚನೆ ಇದೆ?
ಫ್ರಿಜ್ಜು, ಎಸಿ, ಸ್ಕೂಟರು, ವಾಷಿಂಗ್ ಮಶೀನು.
ಹೌದೆಂದರೆ ಒಂದು,
ಇಲ್ಲವೆಂದರೆ ಎರಡು,
ಗೊತ್ತಿಲ್ಲವೆಂದರೆ ತೊಂಬತ್ತೊಂಬತ್ತು.

ಮಾಹುಲಿನ ಏಳು ಮಾಳಿಗೆಯ ಕಟ್ಟಡಗಳು
ಒಂದರ ಬೆನ್ನಿಗೆ ಒಂದು ಉಸಿರು ಬಿಡುವಷ್ಟು ಹತ್ತಿರ.
ನಡುವಿನ ಸಂದಿನಲ್ಲಿ ರಿಫೈನರಿಯ ಜ್ವಾಲೆ,
ಹಗಲಲ್ಲೂ ಯಾರೋ ಆರಿಸಲು ಮರೆತ ದೀಪ.
ಲಿಫ್ಟು ಕೆಟ್ಟು ಎರಡು ವರ್ಷವಾಯಿತಂತೆ.
ಕೆಟ್ಟ ಲಿಫ್ಟು ಉಳಿಸಿದ ವಿದ್ಯುತ್ತನ್ನು
ಯಾವ ಕಾಲಮ್ಮಿನಲ್ಲಿ ತುಂಬಲಿ?

ಕೊಂಡಾಬಾಯಿ ಪರೀಟ, ವಯಸ್ಸು ಐವತ್ತೊಂದು.
ಮೆಟ್ಟಿಲ ಕೆಳಗೆ ಮೇಜು, ಅದರ ಮೇಲೆ ಸುಟ್ಟ ಕಂಬಳಿ,
ಏಳು ಕಿಲೋದ ಹಿತ್ತಾಳೆ ಪೆಟ್ಟಿಗೆ, ಒಳಗೆ ಕೆಂಡ.
ದಿನಕ್ಕೆಷ್ಟು ಇದ್ದಿಲು?
"ಎರಡು ಕಿಲೋ. ಮದುವೆ ದಿನಗಳಲ್ಲಿ ಮೂರು."
ಬರೆದುಕೊಂಡೆ.
"ಕರೆಂಟಿಂದು ತಗೋ, ಹೊಗೆ ಇರಲ್ಲ ಅಂತಾನೆ ಮಗ."
ಅಂದವಳು ಟ್ರಾಂಬೆಯ ಚಿಮಣಿಯ ಕಡೆ ಗದ್ದ ಎತ್ತಿ ನಕ್ಕಳು:
"ಇಲ್ಲಿ ಇರಲ್ಲ. ಅಲ್ಲಿರುತ್ತೆ."

ಎಸಿ?
"ನಿಮ್ಮನೇಲಿದೆಯಾ?"
ಉತ್ತರ ಕೊಡುವವರು ಕೇಳುವ ಪ್ರಶ್ನೆಗೆ ಫಾರ್ಮಿನಲ್ಲಿ ಜಾಗವಿಲ್ಲ.
ಇದೆ, ಅಂದೆ, ಕಂತಿನಲ್ಲಿ. ಇನ್ನೂ ಐದು ಬಾಕಿ.
ಕಾಲರು ತಿರುವಿಹಾಕಿ ಪೆಟ್ಟಿಗೆ ಒತ್ತಿದಳು.
"ನೋಡೋಣ."
ನೋಡೋಣ ಎನ್ನುವುದಕ್ಕೆ ಕೋಡಿಲ್ಲ.
ತೊಂಬತ್ತೊಂಬತ್ತು ಹಾಕಿದೆ.

ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ
ಎರಡು ಸಾವಿರದ ಐವತ್ತರ ಹೊಗೆಯ ಲೆಕ್ಕ, ಅಂದೆ.
ಬೆರಳು ಮಡಚಿ ಎಣಿಸಿದಳು.
"ಎಪ್ಪತ್ತಾರಾಗುತ್ತೆ ನನಗೆ. ಇರಲ್ಲ ಬಿಡಿ.
ಸುಡುವಾಗ ಒಂದು ಸಲ ಹೊಗೆ, ಬರೆದುಕೊಳ್ಳಿ,
ಆಮೇಲೆ ಸೊನ್ನೆ."

ಕೂಸು ಹುಟ್ಟುವ ಮುಂಚೆ ಕುಲಾವಿ, ಎನ್ನುತ್ತಿದ್ದಳು
ಇಂಡಿಯ ನನ್ನಜ್ಜಿ, ಅವಸರದವರನ್ನು ಕಂಡರೆ.
ಅದೇ ನನ್ನ ಕಸುಬಾಗುತ್ತದೆಂದು ಅವಳಿಗೇನು ಗೊತ್ತು.
ಪವಯಿಯ ಆಫೀಸಿನಲ್ಲಿ ಶಾಲು ಹೊದ್ದು ಕೂತು
ಹುಟ್ಟದವರ ತಲೆಗೆ ಕುಲಾವಿ ಹೊಲಿಯುತ್ತೇನೆ,
ಅಳತೆ ಟನ್ನುಗಳಲ್ಲಿ.

ಪರದೆಯ ಮೇಲೆ ಇಂದಿನ ಚುಕ್ಕೆಯಿಂದ ಮೂರು ಗೆರೆ:
ಹೆಚ್ಚು, ಮಧ್ಯಮ, ಕಡಿಮೆ.
ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ.
ಗಾಳಿ ಬರುವುದಿಲ್ಲ.

ಪಾರುಳೇಕರ ಸರ್ ಒಳ್ಳೆಯವರು, ಧ್ವನಿ ಎತ್ತರಿಸಿದ್ದಿಲ್ಲ.
ಬೆಳೆಯುವ ದೇಶ ಮಗುವಿದ್ದ ಹಾಗೆ ಎನ್ನುತ್ತಾರೆ,
ಎಷ್ಟು ತಿನ್ನುತ್ತದೋ ಊಹಿಸುವುದು ಕಷ್ಟ, ಆರು ಪರ್ಸೆಂಟ್ ಹಿಡಿಯಿರಿ.
ಸಾವಿರದ ನೂರಾ ನಲವತ್ತು ಮನೆಗಳಲ್ಲಿ
ನಾನೂರಾ ಹನ್ನೆರಡು ತೊಂಬತ್ತೊಂಬತ್ತು ಬಂದಿತ್ತು.
"ಇವನ್ನು ತೆಗೆದುಬಿಡಿ, ಗೆರೆ ನಡುಗುತ್ತಿದೆ."
ತೆಗೆದೆ.
ನಾನೂರಾ ಹನ್ನೆರಡು ನೋಡೋಣಗಳು
ಒಂದು ಕೀಲಿ ಒತ್ತಿದ್ದಕ್ಕೆ ಹೋದವು.
ಆಗ ಗೆರೆ ಏರಿತು ನೋಡಿ, ಸುಕ್ಕಿಲ್ಲದೆ,
ಕೊಂಡಾಬಾಯಿಯ ಕೈಯಿಂದ ಬಂದ ಶರಟಿನ ತೋಳು.

ಎರಡನೆಯ ಸುತ್ತಿಗೆ ಹೋದಾಗ ಆಗಸ್ಟ್.
ಮೂರನೆಯ ಮಾಳಿಗೆಯಿಂದ ಒಂದು ಕೆಂಪು ವೈರು
ಮೆಟ್ಟಿಲ ಕಂಬಿಗೆ ಸುತ್ತಿಕೊಂಡು ಇಳಿದು ಬಂದಿತ್ತು.
ಹಿತ್ತಾಳೆ ಪೆಟ್ಟಿಗೆ ಬಾಗಿಲಿಗೆ ಆನಿಕೆಯಾಗಿತ್ತು.
ಇದ್ದಿಲು?
"ಸೊನ್ನೆ."
ಯೂನಿಟ್ಟು ಎಷ್ಟು?
"ಮೇಲಿನವರನ್ನು ಕೇಳಿ, ನಾನು ತಿಂಗಳಿಗೆ ಆರುನೂರು ಕೊಡ್ತೀನಿ."

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಮಳೆ ನಿಲ್ಲಲೆಂದು ನಿಂತೆ.
ಅವಳು ಬಲಗೈ ಮುಂದೆ ಚಾಚಿದಳು,
ಹಳೆಯ ಸುಟ್ಟ ಕಲೆಗಳು, ಹೊಸದೊಂದೂ ಇಲ್ಲ.
"ಕೆಂಡ ಊದೋದು ತಪ್ಪಿತು. ರಾತ್ರಿ ಕೆಮ್ಮಿಲ್ಲ.
ಇದನ್ನ ಎಲ್ಲಿ ಬರೀತೀರಿ?"

ಹಾಳೆ ತಿರುವಿದೆ, ಮತ್ತೆ ತಿರುವಿದೆ.
ಕೊನೆಗೆ ಅಂಚಿನಲ್ಲಿ, ತೂತು ಹೊಡೆಯುವ ಜಾಗದಲ್ಲಿ,
ಅವಳು ಮರಾಠಿಯಲ್ಲಿ ಹೇಳಿದ್ದನ್ನು
ಕನ್ನಡದಲ್ಲಿ ಬರೆದೆ.
ಪಾರುಳೇಕರರಿಗೆ ಓದಲು ಬಾರದು.