ಏಳನೇ ಕಲಂ

ಮೊದಲ ಆರು ಕಲಂ ಸಲೀಸು.
ಅಂಗಡಿ: ಕಾಳಿಕಾಂಬಾ ಬ್ಯಾಟರಿ ವರ್ಕ್ಸ್,
ಸಾಗರ ರಸ್ತೆ, ಶಿವಮೊಗ್ಗ.
ಮಾಲೀಕರು: ಕಾಳಾಚಾರಿ ಎಂದಿದ್ದುದನ್ನು ಹೊಡೆದು
ಮಗಳು ಸುಗುಣ.
ಆರು ತಿಂಗಳಲ್ಲಿ ಮಾರಿದ ಹೊಸವು: ಇನ್ನೂರಾ ಹನ್ನೊಂದು.
ತಿರುಗಿ ಬಂದ ಹಳೆಯವು: ನೂರಾ ತೊಂಬತ್ತು.
ಏಳನೆಯದು ಕೇಳುತ್ತದೆ,
ಸಾಲ ಕೊಟ್ಟವರ ಹಾಗೆ, ದನಿ ಏರಿಸದೆ:
ಬಂದದ್ದು ಎಲ್ಲಿ ಹೋಯಿತು?

ಅಪ್ಪಯ್ಯನನ್ನು ಯಾರೂ ಹೀಗೆ ಕೇಳಿರಲಿಲ್ಲ.
ಅಜ್ಜ ಮೂಗುತಿಗೆ ಹರಳು ಕೂರಿಸಿದವನು,
ಗುಲಗಂಜಿ ತೂಕಕ್ಕೆ ಉಸಿರು ಹಿಡಿದವನು;
ಇವನು ಸೀಸಕ್ಕೆ ಇಳಿದ, ಮಣಗಟ್ಟಲೆ.
ರಾತ್ರಿ ಬಾಗಿಲೆಳೆದು, ಹಿತ್ತಿಲಲ್ಲಿ
ಮದುವೆಮನೆಯ ಬಾಣಲೆ ಇಟ್ಟು
ಪ್ಲೇಟು ಕರಗಿಸುತ್ತಿದ್ದ. ಮೇಲಿನ ಕೆನೆ ಸರಿಸಿದರೆ
ಒಳಗೆ ಬೆಳ್ಳನೆಯದೊಂದು ತೂಗಾಡುತ್ತಿತ್ತು.
ಹುಣ್ಣಿಮೆ ನೋಡೇ, ಅಂತ ನನ್ನ ಎತ್ತಿ ತೋರಿಸಿದ್ದ.
ನಾನು ಬಾಯಿ ತೆರೆದು ನೋಡಿದ್ದೆ.
ಬಾಯಿ ತೆರೆದು.

ಆಸಿಡ್ಡು ಚರಂಡಿಗೆ. ಚರಂಡಿ ಎಲ್ಲಿಗೆ?
ಇಳಿಜಾರು ಯಾವ ಕಡೆಗೋ ಆ ಕಡೆಗೆ;
ಈ ಊರಲ್ಲಿ ಎಲ್ಲ ಇಳಿಜಾರೂ ತುಂಗೆಗೇ.
ಹಿತ್ತಿಲ ಆ ಮೂಲೆಯಲ್ಲಿ
ಪಾರ್ಥೇನಿಯಂ ಕೂಡ ಹುಟ್ಟಲಿಲ್ಲ.

ಕೊನೆಕೊನೆಗೆ ಅವನ ಮಣಿಕಟ್ಟು
ಹಿಡಿ ಸಡಿಲಿದ ಸೌಟಿನ ಹಾಗೆ ಜೋತಿತು.
ಮೆಗ್ಗಾನ್ ಆಸ್ಪತ್ರೆಯ ಹುಡುಗ ಡಾಕ್ಟರು
ತುಟಿ ಬಿಡಿಸಿ, ವಸಡಿನ ನೀಲಿ ಗೆರೆ ನೋಡಿ,
ಏನು ಕೆಲಸ ಅಂದರು.
ಅಕ್ಕಸಾಲೆ, ಅಂದ ಅಪ್ಪಯ್ಯ.

ಈಗ ನೆಲಕ್ಕೆ ಆಸಿಡ್ ತಡೆಯುವ ಗಾರೆ ಬೇಕಂತೆ, ನಿಯಮ.
ಮಂಡಳಿಯ ತಾರಿಣಿ ಮೇಡಂ ಸ್ಕೂಟರಿನಲ್ಲಿ ಬಂದು,
ಸೀರೆ ಎತ್ತಿ ಕಟ್ಟಿ, ಟೇಪು ಹಿಡಿದು
ಇಲ್ಲಿಂದ ಇಲ್ಲಿಗೆ ಅಂದರು.
ಹಾರೆ ಹಾಕಿದರೆ ಸಿಕ್ಕಿದ್ದು ಅದೇ ಬಾಣಲೆ,
ಬೂದಿ ಹಿಡಿದ ಹದಿನಾಲ್ಕು ಕಿಲೋ ಸೀಸ,
ಬಲೆಗೆ ಕಟ್ಟುವ ಗುಂಡುಗಳ ಒಂದು ಡಬ್ಬಿ.
ಸುಣ್ಣ ಸುರಿದೆವು. ನೆಲ ಬುಸ್ಸೆಂದಿತು,
ನಿದ್ದೆಯಲ್ಲಿ ಯಾರೋ ಮಗ್ಗುಲಾದ ಹಾಗೆ.

ಭದ್ರಾವತಿಯ ಗುಜರಿ ಪರಮೇಶಿ ಅದೇ ಸಂಜೆ ಫೋನು ಮಾಡಿದ:
ಕಿಲೋಗೆ ಒಂಬತ್ತು ರೂಪಾಯಿ ಜಾಸ್ತಿ, ದುಡ್ಡು ಕೈಮೇಲೆ,
ಬರಹ ಗಿರಹ ಏನೂ ಬೇಡ ತಂಗೀ.
ಪರವಾನಗಿ ಇರುವ ಲಾರಿ ತಿಂಗಳಿಗೊಮ್ಮೆ,
ಅದೂ ಬಂದರೆ.
ಒಂಬತ್ತನ್ನು ನೂರಾ ತೊಂಬತ್ತಕ್ಕೆ, ಅದನ್ನು ಹದಿನೈದು ಕಿಲೋಗೆ
ಗುಣಿಸಿ ನೋಡಿದೆ. ಸುಳ್ಳು ಯಾಕೆ ಹೇಳಲಿ,
ಎರಡು ಸಲ ಗುಣಿಸಿದೆ.

ಆಮೇಲೆ ಬರೆದೆ: ನೂರಾ ತೊಂಬತ್ತೂ ಲಾರಿಗೆ, ರಸೀದಿ ಸಂಖ್ಯೆ ಸಹಿತ.
ಕೆಳಗೆ, ಜಾಗ ಇಲ್ಲದಿದ್ದರೂ ಒತ್ತರಿಸಿ:
ನೆಲದಲ್ಲಿ ಸಿಕ್ಕ ಸೀಸ, ಹದಿನಾಲ್ಕು ಕಿಲೋ. ಮೂಲ: ಅಪ್ಪಯ್ಯ.
ಮೇಡಂ ಓದಿದರು. ಪೆನ್ನಿನ ತುದಿ ಕಚ್ಚಿದರು.
ಮೂಲದಲ್ಲಿ ಮನುಷ್ಯರನ್ನ ಬರೆಯೋ ಹಾಗಿಲ್ಲ ಸುಗುಣಾ, ಅಂತ
ಗೀಟು ಹಾಕಿ, ಮೇಲೆ ಹಳೆಯ ದಾಸ್ತಾನು ಎಂದು ತಿದ್ದಿ
ಪಕ್ಕದಲ್ಲಿ ಪುಟ್ಟ ಸಹಿ ಮಾಡಿದರು.
ಗೀಟಿನಡಿ ಅಪ್ಪಯ್ಯ ಇನ್ನೂ ಓದಿಸಿಕೊಳ್ಳುತ್ತಾನೆ.

ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ.
ಅದಕ್ಕೆ ಬೇರೆ ಫಾರಂ.

ನಿನ್ನೆ ಗಾಜನೂರಿನ ಹಾಲೇಶಪ್ಪ ಬಂದಿದ್ದ,
ಹೆಗಲ ಮೇಲೆ ಒದ್ದೆ ಬಲೆ.
ಗುಂಡು ಇದೆಯೇನವ್ವ, ನಿಮ್ಮಪ್ಪ ಕೊಡ್ತಿದ್ದಂಥವು?
ಇಲ್ಲ ಅಂದೆ. ಯಾಕೆ ಅಂತ ಹೇಳಲು ಹೊರಟರೆ
ಅವನಾಗಲೇ ಹೊಸ ಗಾರೆಯಾಚೆ ಚಪ್ಪಲಿ ಬಿಟ್ಟು,
ಮಿಕ್ಕ ಜಲ್ಲಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಒಂದೊಂದೇ ಕಲ್ಲನ್ನು ಅಂಗೈಯಲ್ಲಿ ತೂಗುತ್ತಿದ್ದ:
ತೂಕ ಇದ್ದರಾಯ್ತು ಬಿಡು. ಮೀನಿಗೇನು ಗೊತ್ತಾಗುತ್ತೆ.

ಗೊತ್ತಾಗುತ್ತೆ, ಅಂದೆ.
ತಡವಾಗುತ್ತೆ, ಅಷ್ಟೆ.