ಅಪೂರ್ಣ ನೆನಪಿನ ಮನುಷ್ಯ

ಎರಡನೇ ಶನಿವಾರ. ಕೋರ್ಟಿಗೆ ರಜೆ, ವಕೀಲರಿಗಲ್ಲ.
ಕಬ್ಬನ್ ಪಾರ್ಕಿನಾಚೆ ಮೂರನೇ ಮಹಡಿಯ ಹಾಲಿನಲ್ಲಿ
ನಲವತ್ತು ಕುರ್ಚಿ, ಇಪ್ಪತ್ತಾರು ಜನ,
ಸ್ಟೀಲ್ ಡಬರಿಯಲ್ಲಿ ಉಪ್ಪಿಟ್ಟು, ಮುಚ್ಚಳದೊಳಗೆ ಬೆವರು.
‘ಟ್ರೇಡ್‌ಮಾರ್ಕ್ ಕಾನೂನು: ಹೊಸ ಬೆಳವಣಿಗೆಗಳು’
ಬ್ಯಾನರಿನ ಒಂದು ಮೂಲೆ ಗೋಡೆ ಬಿಟ್ಟು ಇಳಿದಿದೆ.
ನಾನು ಹಿಂದಿನ ಸಾಲು. ಬಾಗಿಲು ಹತ್ತಿರ, ಕಾಫಿಯೂ.

ಪಾಠ ಹೇಳುವ ಹುಡುಗಿ ನನ್ನ ಮಗಳ ಓರಗೆ.
ಅವಳ ನಿಯಮಗಳಲ್ಲಿ ಅರ್ಧ
ನಾನು ಸನ್ನದು ಪಡೆದಾಗ ಹುಟ್ಟಿರಲಿಲ್ಲ.
ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋಗಿ
ನಾನು ವಾದಿಸಿ ಬರುತ್ತಿದ್ದ ಮೇಲ್ಮನವಿ ಮಂಡಳಿ
ಈಗ ಇಲ್ಲವೇ ಇಲ್ಲ.
ನನ್ನ ಹಳೇ ಕಾಯ್ದೆ ಪುಸ್ತಕಗಳು
ಅವೆನ್ಯೂ ರಸ್ತೆಯಲ್ಲಿ ಕಿಲೋ ಲೆಕ್ಕ.
ಬರೆದುಕೊಳ್ಳುತ್ತೇನೆ. ಪಕ್ಕದ ಹುಡುಗ
ಪರದೆಯ ಫೋಟೋ ಹೊಡೆದು ಮತ್ತೆ ಕ್ರಿಕೆಟ್ಟಿಗೆ.

ಆಮೇಲೆ ಅವಳು ಹಳೇ ಸೂತ್ರಕ್ಕೆ ಬಂದಳು:
ಒಂದು ಗುರುತು ಇನ್ನೊಂದರಂತಿದೆಯೋ ಇಲ್ಲವೋ
ಅಳೆಯಬೇಕಾದ್ದು ಪಂಡಿತರ ಕಣ್ಣಿಂದಲ್ಲ,
ಸಾಧಾರಣ ಬುದ್ಧಿಯ, ಅಪೂರ್ಣ ನೆನಪಿನ
ಮನುಷ್ಯನ ಕಣ್ಣಿಂದ.

ಆ ಮನುಷ್ಯ ನನಗೆ ಗೊತ್ತು.
ಹೆಸರು ಚಿಕ್ಕತಾಯಮ್ಮ,
ಕಾಟನ್‌ಪೇಟೆಯ ಮೂಲೆಯಲ್ಲಿ ಬಿಡಿ ಹೂವಿನ ವ್ಯಾಪಾರ.
ಮುನವ್ವರ್ ಸಾಹೇಬರ ಜಿಂಕೆ ಮಾರ್ಕಿನ ಊದುಬತ್ತಿಗೆ
ಸಾಕ್ಷಿ ಹೇಳಲು ಬಂದಿದ್ದಳು,
ಸೆರಗಿನ ತುಂಬ ಮಲ್ಲಿಗೆ ಕಟ್ಟಿದ ಒದ್ದೆ.
ನಾನು ಎದುರು ಪಾರ್ಟಿಗೆ. ಅವರದೂ ಜಿಂಕೆಯೇ,
ಕತ್ತು ಮಾತ್ರ ಆ ಕಡೆ.

‘ಓದಕ್ಕೆ ಬರಲ್ಲ ತಾಯಿ, ಜಿಂಕೆ ನೋಡಿ ತಗಂತೀನಿ.’
ಎರಡೂ ಪೊಟ್ಟಣ ಕೈಗಿಟ್ಟೆ.
‘ಎರಡರಲ್ಲೂ ಜಿಂಕೆ ಐತಲ್ಲ?’
ಅವಳು ನೋಡಲೇ ಇಲ್ಲ. ಮೂಗಿಗೆ ಹಿಡಿದಳು.
‘ಇದು ಸಾಬ್ರದು. ಮರುಗ ಐತೆ ಇದ್ರಾಗೆ.’
‘ಮತ್ತೆ ಇದು?’
‘ಅದಾ. ಬರೀ ಸೆಂಟು.’

ಕೋರ್ಟು ನಕ್ಕಿತು. ನಾನು ಕೋಟಿನ ಅಂಚು ಎಳೆದುಕೊಂಡು
‘ಗೊಂದಲವೇ ಇಲ್ಲ, ಸ್ವಾಮಿ, ಸಾಕ್ಷಿಯೇ ಹೇಳಿದ್ದಾರೆ’ ಎಂದೆ.
ಅಂಗಡಿಯ ಗಾಜಿನಾಚೆ, ಮೇಲಿನ ಹಲಗೆಯ ಮೇಲಿನ ಪೊಟ್ಟಣವನ್ನು
ಕೊಳ್ಳುವ ಮುಂಚೆ ಮೂಸಲು ಯಾರು ಬಿಡುತ್ತಾರೆ?
ಎದುರು ವಕೀಲರು ಕೇಳಬೇಕಿದ್ದ ಪ್ರಶ್ನೆ ಅದೊಂದೇ.
ಕೇಳದಿರಲಪ್ಪ ಎಂದು
ಮೇಜಿನ ಕೆಳಗೆ ಬೆರಳು ಮಡಚಿದ್ದೆ.
ಕೇಳಲಿಲ್ಲ.

ಆ ಫೀಸಿನಲ್ಲಿ ಕೈನೆಟಿಕ್ ಕೊಂಡೆ, ನೀಲಿ ಬಣ್ಣದ್ದು.
ಸಾಹೇಬರ ಅಂಗಡಿಯಲ್ಲಿ ಈಗ
ಮೊಬೈಲಿಗೆ ಗಾಜು ಅಂಟಿಸುತ್ತಾರೆ.
ಯಾವ ವರ್ಷ ಮುಚ್ಚಿತೋ. ವಿಚಾರಿಸಿಲ್ಲ.

ಪರದೆಯ ಮೇಲೆ ಹೊಸ ಚಿತ್ರ:
ಏಳೆಂಟು ಮೂಲೆಯ ಬಲೆ, ಒಂದೊಂದು ಮೂಲೆಗೆ ಒಂದು ಗುಣ,
ಹೂವು, ಹಣ್ಣು, ಮರ, ಸಿಹಿ.
ವಾಸನೆಯನ್ನೂ ಹೀಗೆ ಗೆರೆಯಲ್ಲಿ ಬರೆದು
ನೋಂದಣಿ ಕೇಳಬಹುದಂತೆ.
ಹುಡುಗಿಯ ಮುಖದಲ್ಲಿ ನಿಜವಾದ ಖುಷಿ.
‘ಯಾರಿಗಾದರೂ ಪ್ರಶ್ನೆ?’
ನನ್ನ ಕೈ ಮೇಲೆದ್ದಿದ್ದು ನನಗೇ ತಡವಾಗಿ ತಿಳಿಯಿತು.
‘ಮರುಗ ಯಾವ ಮೂಲೆಗೆ ಬರುತ್ತದೆ?’
‘ಒಳ್ಳೇ ಪ್ರಶ್ನೆ ಮೇಡಂ’ ಎಂದಳು,
ಗಡಿಯಾರ ನೋಡಿದಳು, ಊಟ ಬಂದಿತ್ತು.

ಇಳಿಯುವಾಗ ಪ್ರಮಾಣಪತ್ರ ಕೊಟ್ಟರು, ಅಂಚಿಗೆ ಚಿನ್ನದ ಗೆರೆ.
ಸರ್ವಮಂಗಳಾ ಅಲ್ಲ, ಸರ್ವಮಂಗಲಾ.
ಒಂದೇ ಅಕ್ಷರ. ಅವಸರದಲ್ಲಿ ನೋಡಿದರೆ
ನಾನೇ ಅನ್ನಬೇಕು.
ತಿದ್ದಿಸಲು ಮತ್ತೆ ಮೂರು ಮಹಡಿ ಹತ್ತಲಿಲ್ಲ.
ನನ್ನಂತೆಯೇ ಕಾಣುವ ಯಾರೋ ಒಬ್ಬಳು
ಇವತ್ತು ನಾಲ್ಕು ತಾಸು ಕಲಿತಿದ್ದಾಳೆ,
ಸಹಿ ಇದೆ, ಮೊಹರು ಇದೆ.